ವಾಸನೆಯಿಲ್ಲದ ಅಮಲು

ಕುಡುಕರ ವಿಷಯದಲ್ಲಿ ಚಂದವ್ವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅವಳು ಹುಟ್ಟಿದ್ದೇ ಕುಡುಕನ ಮನೆಯಲ್ಲಿ. ಅಪ್ಪ ಹೀರಪ್ಪ ಗೋವೆಯ ಉಸಗಾಂವದಲ್ಲಿ ಅದಿರಿನ ಲಾರಿಗಳಿಗೆ ತಾಡಪತ್ರಿ ಕಟ್ಟುತ್ತಿದ್ದ. ಹಗಲೆಲ್ಲ ಕೆಂಪು ಧೂಳು ನುಂಗುವುದು, ಸಂಜೆ ಅದನ್ನು ಗಂಟಲಿನಿಂದ ತೊಳೆಯಬೇಕೆಂಬ ನೆವ ಮಾಡಿ ಫೆನಿ ಕುಡಿಯುವುದು. ಕೊನೆಗೊಂದು ಮಳೆಗಾಲದಲ್ಲಿ ರಸ್ತೆ ಬದಿಯ ಮೊಣಕಾಲುದ್ದದ ನೀರಿನಲ್ಲಿ ಬೋರಲು ಬಿದ್ದು ಸತ್ತ. ಮೊಣಕಾಲುದ್ದದ ನೀರಿನಲ್ಲಿ ಮುಳುಗಿ ಸಾಯಲಿಕ್ಕೂ ಒಂದು ಯೋಗ್ಯತೆ ಬೇಕು ಎಂದು ಚಂದವ್ವ ಹೇಳುತ್ತಿದ್ದಳು. ಅವಳು ಅತ್ತದ್ದನ್ನು ಯಾರೂ ಕಂಡವರಿಲ್ಲ.

ಅಪ್ಪನಿಂದ ಅವಳಿಗೆ ಬಂದ ಆಸ್ತಿ ಒಂದೇ, ಮೂಗು. ನಾಲ್ಕು ಮನೆ ಆಚೆ ಯಾರಾದರೂ ಬಾಟಲಿ ಬಿಚ್ಚಿದರೆ ಗೇರುಹಣ್ಣಿನದೋ ತೆಂಗಿನದೋ ಎಂದು ಕೂತಲ್ಲಿಂದಲೇ ಹೇಳಬಲ್ಲಳು. ಏಲಕ್ಕಿ ಜಗಿದರೂ, ಪಾನ್ ಹಾಕಿಕೊಂಡರೂ, ಪೇಸ್ಟಿನಿಂದ ಹಲ್ಲುಜ್ಜಿದರೂ ಅವಳ ಮುಂದೆ ನಡೆಯುತ್ತಿರಲಿಲ್ಲ. ಮದುವೆಗೆ ಅವಳು ಹಾಕಿದ್ದ ಷರತ್ತೂ ಅದೇ. ಗಂಡು ಕುರುಡನಾಗಿರಲಿ ಕುಂಟನಾಗಿರಲಿ, ಬಾಯಿಗೆ ಹನಿ ಸೋಕಿಸಿರಬಾರದು.

ಹಾಗೆ ಸಿಕ್ಕವನು ಕಂಠೆಪ್ಪ. ಮುದ್ದೇಬಿಹಾಳದ ಕಡೆಯವನು, ಕೊರಳಲ್ಲಿ ಲಿಂಗ, ಬಾಯಲ್ಲಿ ಮಾತು ಕಡಿಮೆ. ಬಾರಿನ ಮುಂದೆ ಹಾಯುವಾಗ ರಸ್ತೆ ದಾಟಿ ಆಚೆ ಬದಿಗೆ ಹೋಗುವಂಥವನು. ಅದೊಂದು ಗುಣ ಬಿಟ್ಟರೆ ಅವನಲ್ಲಿ ಹೇಳಿಕೊಳ್ಳುವಂಥದ್ದೇನೂ ಚಂದವ್ವನಿಗೆ ಕಾಣಲಿಲ್ಲ, ಅವಳು ಹುಡುಕಲೂ ಇಲ್ಲ. ಚಿಂಬಲ್‌ನ ಗುಡ್ಡದಲ್ಲಿ ಒಂದಕ್ಕೊಂದು ಬೆನ್ನು ಹಚ್ಚಿ ಕೂತ ಖೋಲಿಗಳಲ್ಲಿ ಒಂದನ್ನು ಹಿಡಿದರು. ಅವನು ವೆರ್ಣಾದ ಪ್ಲಾಸ್ಟಿಕ್ ಡಬ್ಬಿಯ ಕಾರಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗುತ್ತಿದ್ದ. ಅವಳು ಪಣಜಿಯಲ್ಲಿ ಒಬ್ಬ ಕ್ರಿಶ್ಚಿಯನ್ ಮುದುಕಿಯ ಮನೆಗೆಲಸ ಹಿಡಿದಳು. ಮುದುಕಿಗೆ ಸಕ್ಕರೆ ಕಾಯಿಲೆ. ಅವಳ ಫ್ರಿಜ್ಜಿನಿಂದ ಇನ್ಸುಲಿನ್ ಬಾಟಲಿ ತೆಗೆದುಕೊಡುವುದು, ಸೂಜಿ ಚುಚ್ಚುವಾಗ ಫ್ರಾಕಿನ ಅಂಚು ಎತ್ತಿ ಹಿಡಿಯುವುದು ಚಂದವ್ವನ ಕೆಲಸ. ಒಬ್ಬ ಮಗಳು ಹುಟ್ಟಿದಳು, ಅಶ್ವಿನಿ. ಗಂಡನನ್ನು ಚಂದವ್ವ ‘ಬರ್ರಿ, ಉಣ್ರಿ’ ಎಂದೇ ಮಾತಾಡಿಸುತ್ತಿದ್ದಳು. ಕುಡಿಯದ ಗಂಡಸಿಗೆ ಅಷ್ಟು ಮರ್ಯಾದೆ ಸಲ್ಲಬೇಕೆಂದು ಅವಳ ಲೆಕ್ಕ.

ಎರಡು ಸಾವಿರದ ಎಂಟರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ಕೂತಿದ್ದಾಗ ಕಂಠೆಪ್ಪ ಎದ್ದು ಬಂದು ನಿಂತ. ಅಂಗಿಯ ಒಂದು ತೋಳಿನಲ್ಲಿ ಎರಡೂ ಕೈ ತುರುಕಲು ನೋಡುತ್ತಿದ್ದ. ಮಳೆಯ ತಂಪಿನಲ್ಲೂ ಹಣೆಯಿಂದ ಬೆವರು ಇಳಿಯುತ್ತಿತ್ತು.

“ಯಾರ ಮನಿ ಇದು?” ಎಂದು ಕೇಳಿದ. ನಾಲಗೆ ದಪ್ಪವಾಗಿತ್ತು.

ಚಂದವ್ವ ಎದ್ದು ಹೋಗಿ ಅವನ ಬಾಯಿಗೆ ಮೂಗು ಹಚ್ಚಿದಳು. ಏನೂ ಇಲ್ಲ. ಕತ್ತು ಮೂಸಿದಳು, ಅಂಗಿ ಮೂಸಿದಳು, ಹಾಸಿಗೆ ಎತ್ತಿ ಝಾಡಿಸಿದಳು. ಬೆವರಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಅಷ್ಟರಲ್ಲಿ ಅವನು ನೆಲಕ್ಕೆ ಕೂತು ಅಲ್ಲಿದ್ದ ಚಹಾ ಎತ್ತಿ ಕುಡಿದು, ಮಗಳ ಬಿಸ್ಕಿಟಿನ ಪುಡಿಕೆಯನ್ನೂ ಮುಗಿಸಿದ್ದ. ಸ್ವಲ್ಪ ಹೊತ್ತಿಗೆ ಮುಖ ತಿಳಿಯಾಯಿತು. ಬಸ್ಸಿಗೆ ಹೊತ್ತಾಯಿತಲ್ಲ ಎಂದು, ಏನೂ ಆಗದವನಂತೆ ಎದ್ದ.

“ಏನ ಕುಡದಿ?” ಎಂದಳು ಚಂದವ್ವ. ಅವನನ್ನು ಅವಳು ಏಕವಚನದಲ್ಲಿ ಕೇಳಿದ್ದು ಅದೇ ಮೊದಲು.

ಬಸವಣ್ಣನ ಆಣೆ, ಏನೂ ಕುಡಿದಿಲ್ಲ, ಏನಾಯಿತೆಂದೂ ನೆನಪಿಲ್ಲ ಎಂದ ಕಂಠೆಪ್ಪ. ನೆನಪಿಲ್ಲ ಎನ್ನುವ ಮಾತನ್ನು ಚಂದವ್ವ ತೊಟ್ಟಿಲಿನಿಂದ ಕೇಳಿದ್ದಳು. ಅಪ್ಪನೂ ಅವ್ವನ ತಲೆ ಒಡೆದ ಮರುದಿನ ಅದನ್ನೇ ಹೇಳುತ್ತಿದ್ದ.

ಆಮೇಲೆ ಅದು ಆಗಾಗ ಆಗತೊಡಗಿತು, ಬರಬರುತ್ತ ವಾರಕ್ಕೆ ಎರಡು ಮೂರು ಸಲ. ಯಾವಾಗಲೂ ಹೊಟ್ಟೆ ಬರಿದಾದ ಹೊತ್ತಿನಲ್ಲಿ, ಹೆಚ್ಚಾಗಿ ಬೆಳಿಗ್ಗೆ. ಒಮ್ಮೆ ಬಾಗಿಲಿಗೆ ಬಂದ ಪಾವ್ ಬ್ರೆಡ್ಡು ಮಾರುವವನ ಸೈಕಲ್ಲಿನಿಂದ ಒಂದನ್ನು ಕಸಿದು ಅಲ್ಲೇ ನಿಂತು ಹರಿದು ತಿಂದ. ಇನ್ನೊಮ್ಮೆ ಪಕ್ಕದ ಖೋಲಿಯ ರಾಮಿಬಾಯಿಯ ಕೊಡವನ್ನು ತನ್ನದೆಂದು ಹಿಡಿದು ಜಗ್ಗಾಡಿದ. ರಾಮಿಬಾಯಿ ಖೋಲಿಗಳ ಇಡೀ ಚಾಳಿಗೆ ಕೇಳುವಂತೆ, ಗಂಡನನ್ನು ಒಳಗೆ ಕಟ್ಟಿಹಾಕು ತಾಯಿ ಎಂದಳು. ವಾರಕ್ಕೊಮ್ಮೆ ಗಂಡನನ್ನು ಗಟಾರಿನಿಂದ ಎಬ್ಬಿಸಿ ತರುವ ರಾಮಿಬಾಯಿಯಿಂದ ಆ ಮಾತು ಕೇಳಿಸಿಕೊಳ್ಳುವುದೆಂದರೆ! ಚಂದವ್ವನಿಗೆ ರಾಮಿಬಾಯಿಯ ಮೇಲೆ ಬಂದ ಸಿಟ್ಟೂ ಕಂಠೆಪ್ಪನ ಪಾಲಿಗೇ ಬಿತ್ತು.

ವಾಸನೆ ಯಾಕಿಲ್ಲ ಎಂಬ ಪ್ರಶ್ನೆಗೆ ಅವಳೇ ಉತ್ತರ ಕಟ್ಟಿಕೊಂಡಳು. ಗೋವೆಯಲ್ಲಿ ಏನು ಸಿಗುವುದಿಲ್ಲ? ಬೀಚಿನ ಕಡೆ ಪರದೇಶದವರು ಗುಳಿಗೆ ನುಂಗಿ ಕುಣಿಯುತ್ತಾರಂತೆ, ಅಂಥದ್ದೇನೋ ಇವನಿಗೂ ಗಂಟುಬಿದ್ದಿದೆ. ಅಪ್ಪನಾದರೂ ನಾಲ್ಕು ಜನರಿಗೆ ಗೊತ್ತಾಗುವಂತೆ ಕುಡಿಯುತ್ತಿದ್ದ. ಇವನಿಗೆ ಅಷ್ಟು ಧೈರ್ಯವೂ ಇಲ್ಲ. ಕದ್ದು ನುಂಗುವ ಹೇಡಿ.

ಮೇಲೆ ಹೊಟ್ಟೆಬಾಕತನ ಬೇರೆ. ಬೆಲ್ಲದ ಹೆಂಟೆಯನ್ನು ಬಾಯಲ್ಲಿಟ್ಟುಕೊಂಡು ಮಲಗುತ್ತಿದ್ದ. ಕಿಸೆಯಲ್ಲಿ ಸದಾ ಬಿಸ್ಕಿಟಿನ ಪುಡಿ. ತಿಂದರೆ ತಲೆ ನಿಲ್ಲುತ್ತದೆ ಎನ್ನುತ್ತಿದ್ದ. ವರ್ಷದೊಳಗೆ ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ನಿಲ್ಲದಷ್ಟು ಉಬ್ಬಿದ. ಹೋರಿಯಂತೆ ತಿಂದು ಹಂದಿಯಂತೆ ಬೆಳೆದಿದ್ದಾನೆ ಎಂದು ಚಂದವ್ವ ಅವನ ಎದುರೇ ಹೇಳುತ್ತಿದ್ದಳು. ಸಕ್ಕರೆ ಡಬ್ಬಿ ಬೀಗದೊಳಗೆ ಹೋಯಿತು. ಅಶ್ವಿನಿ ಆಗಿನ್ನೂ ಸಣ್ಣ ಹುಡುಗಿ. ಸಾಲೆಯಲ್ಲಿ ಟೀಚರು ಅಪ್ಪ ಏನು ಮಾಡುತ್ತಾನೆ ಎಂದು ಕೇಳಿದ್ದಕ್ಕೆ “ಕುಡಿತಾನ್ರಿ” ಎಂದು ಬಂದಿದ್ದಳು. ಚಂದವ್ವ ಅವಳನ್ನು ತಿದ್ದಲಿಲ್ಲ.

ಒಂದು ಸಲ ಕಂಠೆಪ್ಪ ತಾನಾಗಿಯೇ ರಸ್ತೆಯ ಮೇಲಿನ ಡಾಕ್ಟರನ ಬಳಿಗೆ ಹೋದ. ಆ ಮಹಾಶಯ ಕುರ್ಚಿಯಿಂದ ಏಳದೆ, ನಾಡಿ ಮುಟ್ಟದೆ, ಊಟ ಮಾಡಿ ಬಂದಿದ್ದವನ ರಕ್ತ ತೆಗೆಸಿ ಸಕ್ಕರೆ ನೋಡಿದ. ಎಲ್ಲ ಸರಿಯಿದೆ, ನೀವು ಘಾಂಟಿ ಜನ ಸ್ವಲ್ಪ ಕುಡಿತ ಕಡಿಮೆ ಮಾಡಿದರೆ ಇನ್ನೂ ಸರಿಯಾಗುತ್ತದೆ ಎಂದು ಕೊಂಕಣಿಯಲ್ಲಿ ಹೇಳಿ ಶಕ್ತಿಯ ಗುಳಿಗೆ ಬರೆದುಕೊಟ್ಟ. ಘಟ್ಟ ಇಳಿದು ಬಂದವರಿಗೆಲ್ಲ ಆ ಊರಿನಲ್ಲಿ ಅದೊಂದೇ ಹೆಸರು. ಹಾಗೆ ಅಂದವನನ್ನು ಚಂದವ್ವ ಬೇರೆ ದಿನವಾಗಿದ್ದರೆ ಅವನ ಬಾಗಿಲಲ್ಲೇ ನಿಂತು ಉಗಿಯುತ್ತಿದ್ದಳು. ಈ ಸಲ ತಲೆಯಾಡಿಸಿದಳು. ನೋಡಿದಿಯಾ, ಡಾಕ್ಟರೇ ಹೇಳಿದ.

ನೌಕರಿ ಹೋದದ್ದು ಕಂಪನಿ ಬಸ್ಸಿನಲ್ಲಿ. ಸೂಪರ್‌ವೈಸರ್ ಅಪ್ಪಾಸಾಬನೂ ಘಟ್ಟದ ಮೇಲಿನವನೇ, ಅಥಣಿ ಕಡೆಯವನು. ಗೋವೆಯವರಿಗಿಂತ ತಾನೇ ಗೋವೆಯವನೆಂದು ತೋರಿಸಿಕೊಳ್ಳುವ ಹವ್ಯಾಸ. ಅವತ್ತು ಕಂಠೆಪ್ಪ ಉಪ್ಪಿಟ್ಟು ಬಿಟ್ಟು ಬಸ್ಸು ಹತ್ತಿದ್ದ. ಜುವಾರಿ ಸೇತುವೆಯ ಮೇಲೆ ಬಸ್ಸು ಗಂಟೆಗಟ್ಟಲೆ ನಿಂತಿತು. ಅಷ್ಟರಲ್ಲಿ ಇವನು ಸೀಟಿನ ಮೇಲೆ ಎದ್ದು ನಿಂತು, ತನ್ನನ್ನು ಯಾರೋ ಕದ್ದು ಒಯ್ಯುತ್ತಿದ್ದಾರೆಂದು ಕೂಗಿ, ಬಿಡಿಸಲು ಬಂದ ಅಪ್ಪಾಸಾಬನ ಕಾಲರ್ ಹಿಡಿದು, ಕೊನೆಗೆ ನಿಂತಲ್ಲೇ ಪ್ಯಾಂಟು ಒದ್ದೆ ಮಾಡಿಕೊಂಡ. ಬಸ್ಸಿನ ತುಂಬ ನಗೆ. ಅಪ್ಪಾಸಾಬ ಅವನನ್ನು ಸೇತುವೆಯ ಆಚೆ ದಂಡೆಯಲ್ಲಿ ಇಳಿಸಿ ಹೋದ. ಮರುದಿನದಿಂದ ಬಸ್ಸು ಅವನಿಗಾಗಿ ನಿಲ್ಲಲಿಲ್ಲ.

ಚಂದವ್ವ ಆಮೇಲೆ ಅವನೊಡನೆ ಮಾತಾಡುವುದನ್ನೇ ಬಿಟ್ಟಳು. ಮಾತಾಡಲೇಬೇಕಾದರೆ ಮಗಳ ಮೂಲಕ. ಶ್ರಾವಣ ಬಂದಾಗ ಮಾತ್ರ ಎದುರು ಕೂರಿಸಿಕೊಂಡು ಹೇಳಿದಳು. ಮಾಡಿದ ಪಾಪ ಕಳೆಯಬೇಕಾದರೆ ಸೋಮವಾರ ಉಪವಾಸ ಮಾಡಬೇಕು, ಹನಿ ಚಹಾವೂ ಇಲ್ಲ. ಕಂಠೆಪ್ಪ ಹೆದರಿದ. ತನ್ನಿಂದಾಗದು, ಬೇರೆ ಏನಾದರೂ ಹೇಳು ಎಂದು ಬೇಡಿಕೊಂಡ. ಅವನ ಆ ಅಂಜಿಕೆ ನೋಡಿ ಅವಳಿಗೆ ಹೇಸಿಗೆಯಾಯಿತು. ಹೆಂಗಸರು ಹಡೆಯುವವರೆಗೂ ಉಪವಾಸ ಮಾಡುತ್ತಾರೆ, ಈ ಗಂಡಸಿಗೆ ಒಂದು ದಿನ ಹೊಟ್ಟೆ ಕಟ್ಟಲು ಆಗುವುದಿಲ್ಲ. ತಿನ್ನುವುದನ್ನೆಲ್ಲ ಗಂಟು ಕಟ್ಟಿ ರಾಮಿಬಾಯಿಯ ಖೋಲಿಯಲ್ಲಿಟ್ಟು ಬಂದಳು.

ಆ ಸೋಮವಾರ ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ ಕಂಠೆಪ್ಪ ಗೋಡೆಗೆ ಒರಗಿ ಬಾಯಿ ಚಪ್ಪರಿಸುತ್ತ ಕೂತಿದ್ದ. ಅವಳು ಚಪ್ಪಲಿ ಮೆಟ್ಟುತ್ತಿದ್ದಂತೆ ಪಕ್ಕಕ್ಕೆ ಉರುಳಿದ. ಕೈಕಾಲು ಸೆಟೆದು ಬಡಿದುಕೊಳ್ಳತೊಡಗಿದವು, ಬಾಯಿಂದ ನೊರೆ ಬಂತು. ನಾಟಕವೆಂದು ಚಂದವ್ವ ಎರಡು ಗಳಿಗೆ ಸುಮ್ಮನೆ ನಿಂತು ನೋಡಿದಳು. ಕಣ್ಣುಗುಡ್ಡೆ ಮೇಲಕ್ಕೆ ಹೋದಾಗ ಮಾತ್ರ ಹೊರಗೆ ಓಡಿ ಕೂಗಿದಳು. ರಿಕ್ಷಾದಲ್ಲಿ ಹಾಕಿಕೊಂಡು ದೊಡ್ಡ ದವಾಖಾನೆಗೆ ಒಯ್ದರು.

ಅಲ್ಲಿ ಒಬ್ಬ ನರ್ಸು ಅವನ ಬೆರಳು ಚುಚ್ಚಿ ಯಂತ್ರಕ್ಕೆ ಹಿಡಿದು ನೋಡಿ, ಮತ್ತೊಮ್ಮೆ ಹಿಡಿದು ನೋಡಿ, ಡಾಕ್ಟರನ್ನು ಕರೆದಳು. ಡಾಕ್ಟರು ತೋಳಿನಿಂದ ರಕ್ತ ತೆಗೆದಿಟ್ಟುಕೊಂಡು, ಅದೇ ನರಕ್ಕೆ ದಪ್ಪ ಸಿರಿಂಜಿನಿಂದ ಸಕ್ಕರೆಯ ನೀರು ಬಿಟ್ಟರು. ಸಿರಿಂಜು ಇನ್ನೂ ಖಾಲಿಯಾಗಿರಲಿಲ್ಲ, ಕಂಠೆಪ್ಪ ಕಣ್ಣು ಬಿಟ್ಟ. ಸುತ್ತಲೂ ನೋಡಿ, ಬಸ್ಸು ಹೋಯಿತೇ ಎಂದು ಕೇಳಿದ. ಚಂದವ್ವ ತನ್ನ ಜೀವಮಾನದಲ್ಲಿ ನೂರಾರು ಕುಡುಕರಿಗೆ ಅಮಲಿಳಿಯುವುದನ್ನು ಕಂಡಿದ್ದಳು. ದೀಪ ಹಚ್ಚಿದಂತೆ ಹೀಗೆ ಎದ್ದು ಕೂತವನು ಒಬ್ಬನೂ ಇರಲಿಲ್ಲ.

ಡಾಕ್ಟರ ಹೆಸರು ಅಂಬಿಕಾ. ಬೆಳಗಾವಿ ಕಡೆಯ ಹುಡುಗಿ, ಇನ್ನೂ ಕಲಿಕೆಯಲ್ಲಿದ್ದವಳು, ಕನ್ನಡ ಬರುತ್ತಿತ್ತು. ಮೊದಮೊದಲು ಆ ಕನ್ನಡ ಚಂದವ್ವನಿಗೆ ಸಮಾಧಾನ ತಂದಿತು, ಎರಡನೆಯ ದಿನಕ್ಕೆ ಅದೇ ಶೂಲವಾಯಿತು. ರಕ್ತದಲ್ಲಿ ಸಕ್ಕರೆ ತಳಕ್ಕೆ ಹೋಗಿದೆ, ಸಕ್ಕರೆ ಇಳಿಸುವ ಇನ್ಸುಲಿನ್ ಮಾತ್ರ ತುಂಬಿ ತುಳುಕುತ್ತಿದೆ ಎಂದು ಅಂಬಿಕಾ ಹೇಳಿದಳು. ಆಮೇಲೆ ಧ್ವನಿ ತಗ್ಗಿಸಿ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ, ಇನ್ಸುಲಿನ್ ಬಾಟಲಿ ಕೈಗೆ ಸಿಗುವಂತಿದೆಯೇ ಎಂದು ಕೇಳಿದಳು. ಚಂದವ್ವ ಪಣಜಿಯ ಮುದುಕಿಯ ವಿಷಯ ಮುಚ್ಚುಮರೆಯಿಲ್ಲದೆ ಹೇಳಿದಳು. ಹೇಳಿ ಮುಗಿಸಿದ ಮೇಲೆ ಅಂಬಿಕಾಳ ಕಣ್ಣಿನಲ್ಲಿ ಏನು ಓಡುತ್ತಿದೆ ಎಂದು ತಿಳಿಯಿತು.

“ನಾನ ಚುಚ್ಚೇನಿ ಅಂತೀರೇನ್ರಿ?”

ಹಾಗಲ್ಲ, ಎಲ್ಲರಿಗೂ ಕೇಳಲೇಬೇಕಾದ ಪ್ರಶ್ನೆ ಎಂದಳು ಅಂಬಿಕಾ. ಆದರೆ ಅಂದಿನಿಂದ ಚಂದವ್ವ ವಾರ್ಡಿಗೆ ಬಂದಾಗೆಲ್ಲ ನರ್ಸು ಅವಳ ಚೀಲ ಬಿಚ್ಚಿಸಿ ನೋಡತೊಡಗಿದಳು. ಪಕ್ಕದ ಮಂಚದವರು ಪಿಸುಗುಟ್ಟಿದರು. ಕುಡುಕ ಗಂಡನಿಂದ ಬಿಡುಗಡೆ ಬೇಕಿತ್ತೇನೋ ಪಾಪ ಎಂದು ಒಬ್ಬಳು ಕರುಣೆಯನ್ನೂ ತೋರಿದಳು. ಮಾಡದ ತಪ್ಪಿಗೆ ಜನ ಮುಖ ನೋಡಿ ತೀರ್ಮಾನ ಕೊಡುವುದು ಇಷ್ಟು ಸಲೀಸು ಎಂದು ಚಂದವ್ವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ದವಾಖಾನೆಯವರು ಖಾತ್ರಿ ಮಾಡಿಕೊಳ್ಳಲು ಒಂದು ಪರೀಕ್ಷೆ ಇಟ್ಟರು. ಅದೂ ಉಪವಾಸವೇ. ರಾತ್ರಿ ಊಟವಾದ ಮೇಲೆ ನೀರು ಬಿಟ್ಟು ಏನೂ ಕೊಡದೆ, ಸಕ್ಕರೆ ಇಳಿಯುವ ತನಕ ಕಾದು, ಆ ಗಳಿಗೆಯಲ್ಲಿ ರಕ್ತ ತೆಗೆಯುವುದು. ಚಂದವ್ವ ಬೇಕಿದ್ದರೆ ಬಾಗಿಲ ಬಳಿ ಕೂರಬಹುದು, ಮಂಚ ಮುಟ್ಟುವಂತಿಲ್ಲ. ಕೂತಳು. ಬೆಳಿಗ್ಗೆಯೆಲ್ಲ ಕಂಠೆಪ್ಪ ಸರಿಯಾಗಿಯೇ ಇದ್ದ. ಮಗಳು ಸಾಲೆಗೆ ಹೋದಳೇ ಎಂದು ವಿಚಾರಿಸಿದ, ಕಿಟಕಿಯಾಚೆ ಕಟ್ಟುತ್ತಿದ್ದ ಹೊಸ ಕಟ್ಟಡದ ಸಾರುವೆ ಸೊಟ್ಟಗಿದೆ ಎಂದ. ಮಧ್ಯಾಹ್ನ ತಿರುಗುವಾಗ ಹಣೆಯ ಮೇಲೆ ಬೆವರು ಮೂಡಿತು. ಮಾತು ತೊದಲಿತು. ಅಂಬಿಕಾ ಅವನ ಹೆಸರು ಕೇಳಿದರೆ ನಕ್ಕ. ನೂರರಿಂದ ಏಳೇಳು ಕಳೆಯುತ್ತ ಹೋಗು ಎಂದರೆ ಬೈದ. ಚಂದವ್ವ ಒಂದು ವರ್ಷದಿಂದ ಖೋಲಿಯಲ್ಲಿ ಕಂಡಿದ್ದ ಅದೇ ಮುಖ, ಅದೇ ತೂಗಾಟ. ಬಾಟಲಿಯಿಲ್ಲ, ಗುಳಿಗೆಯಿಲ್ಲ, ಮೂವರು ಓದಿದವರು ಸುತ್ತ ಕಾವಲಿದ್ದಾರೆ.

ಆಗ ಅವನು ಬಾಗಿಲ ಕಡೆ ತಿರುಗಿದ. ತೊದಲು ಇದ್ದಕ್ಕಿದ್ದಂತೆ ಸ್ವಲ್ಪ ತಿಳಿಯಾಯಿತು.

“ನಿನಗ ಗಂಡ ಬೇಕಾಗಿದ್ದಿಲ್ಲ,” ಎಂದ. “ಬೈಯಾಕ ಒಬ್ಬ ಕುಡುಕ ಬೇಕಾಗಿದ್ದ. ನಿಮ್ಮಪ್ಪ ಸತ್ತ, ನಾ ಸಿಕ್ಕೆ.”

ನರ್ಸು ರಕ್ತ ತೆಗೆದಳು, ಅಂಬಿಕಾ ಸಕ್ಕರೆಯ ನೀರು ಬಿಟ್ಟಳು. ಕಂಠೆಪ್ಪ ಕಣ್ಣುಜ್ಜಿಕೊಂಡು, ಪರೀಕ್ಷೆ ಇನ್ನೂ ಸುರುವಾಗಿಲ್ಲವೇ ಎಂದ. ಅವನಿಗೆ ಏನೂ ನೆನಪಿರುವುದಿಲ್ಲ, ಮಿದುಳಿಗೆ ಸಕ್ಕರೆ ಸಿಗದಾಗ ಮನುಷ್ಯ ಬಾಯಿಗೆ ಬಂದದ್ದು ಆಡುತ್ತಾನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಅಂಬಿಕಾ ಹೊರಗೆ ಬಂದು ಹೇಳಿದಳು. ಬಾಯಿಗೆ ಬಂದದ್ದು ಎಂದರೆ ಎಲ್ಲಿಂದ ಬಂದದ್ದು ಎಂದು ಚಂದವ್ವ ಕೇಳಲಿಲ್ಲ. ಅಷ್ಟು ಚೊಕ್ಕವಾದ ಮಾತನ್ನು ಕಂಠೆಪ್ಪ ನೆಟ್ಟಗಿದ್ದಾಗ ಒಂದು ದಿನವೂ ಆಡಿರಲಿಲ್ಲ.

ಕೆಲವು ದಿನಗಳ ಮೇಲೆ ರಕ್ತದ ಫಲಿತಾಂಶ ಬಂತು. ಅಂಬಿಕಾ ಅವಳನ್ನು ಬೆಂಚಿನ ಮೇಲೆ ಕೂರಿಸಿ ತಿಳಿಸಿದಳು. ಹೊಟ್ಟೆಯ ಹಿಂದಿನ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳಿವೆ. ಅವು ಮೊದಲು ಒಂದು ಉದ್ದನೆಯ ಸರ ಮಾಡುತ್ತವೆ, ಆಮೇಲೆ ಅದರ ನಡುವಿನ ತುಂಡನ್ನು ತಾವೇ ಕತ್ತರಿಸುತ್ತವೆ. ಉಳಿದದ್ದು ಇನ್ಸುಲಿನ್. ರಕ್ತಕ್ಕೆ ಬಿಡುವಾಗ ಆ ಕತ್ತರಿಸಿದ ತುಂಡನ್ನೂ ಜೊತೆಗೇ ಬಿಡುತ್ತವೆ. ಬಾಟಲಿಯ ಇನ್ಸುಲಿನ್‌ನಲ್ಲಿ ಆ ತುಂಡು ಇರುವುದಿಲ್ಲ. ಕಂಠೆಪ್ಪನ ರಕ್ತದಲ್ಲಿ ಅದು ಬೇಕಾದಷ್ಟಿದೆ, ಮಾಡಿದ್ದು ಅವನ ಮೈಯೇ. ಸಕ್ಕರೆ ಇಳಿಸುವ ಗುಳಿಗೆಯ ಗುರುತೂ ರಕ್ತದಲ್ಲಿಲ್ಲ. ಆ ಗ್ರಂಥಿಯಲ್ಲೊಂದು ಸಣ್ಣ ಗಂಟು ಬೆಳೆದು ಹೊತ್ತುಗೊತ್ತಿಲ್ಲದೆ ಇನ್ಸುಲಿನ್ ಸುರಿಯುತ್ತಿದೆ.

“ಹಂಗಾರ ಇನ್ನ ನನ್ನ ಚೀಲ ನೋಡೂದು ಬಿಡ್ತೀರಿ?” ಎಂದಳು ಚಂದವ್ವ.

ಅಂಬಿಕಾ ಕೆಂಪಾದಳು. ತಪ್ಪಾಯಿತು ಎನ್ನಲಿಲ್ಲ. ಓದಿದವರಿಗೆ ಆ ಮಾತು ಬರುವುದಿಲ್ಲ ಎಂದು ಚಂದವ್ವ ಮನಸ್ಸಿನಲ್ಲೇ ಕಾರಿಕೊಂಡಳು. ಮರುಗಳಿಗೆಯಲ್ಲಿ ತಾನೂ ಕಂಠೆಪ್ಪನಿಗೆ ಆ ಮಾತು ಅಂದಿಲ್ಲ ಎಂಬುದು ನೆನಪಾಯಿತು. ಅಂದರಾಯಿತು ಎಂದು ಮುಂದಕ್ಕೆ ಹಾಕಿದಳು.

ಗಂಟು ಇದೆ ಎಂದು ಗೊತ್ತಾದರೂ ಗ್ರಂಥಿಯ ಯಾವ ಭಾಗದಲ್ಲಿದೆ ಎಂದು ಗೊತ್ತಾಗಲಿಲ್ಲ. ದವಾಖಾನೆಯ ಯಂತ್ರಗಳೆಲ್ಲ ಹುಡುಕಿ ಸೋತವು. ಸಿಗದ ಗಂಟಿಗಾಗಿ ಹೊಟ್ಟೆ ಕೊಯ್ದು ಕೈಯಾಡಿಸಲು ದೊಡ್ಡ ಡಾಕ್ಟರು ಒಪ್ಪಲಿಲ್ಲ. ಮುಂಬೈಯಲ್ಲಿ ಹೊಸದೊಂದು ಸ್ಕ್ಯಾನ್ ಬಂದಿದೆ ಎಂದು ಬರೆದುಕೊಟ್ಟು ಅಲ್ಲಿಗೆ ಕಳಿಸಿದರು. ಕೊಂಕಣ ರೈಲಿನಲ್ಲಿ ಕಂಠೆಪ್ಪ ದಾರಿಯುದ್ದಕ್ಕೂ ಗ್ಲುಕೋಸ್ ಪುಡಿ ನೆಕ್ಕುತ್ತ ಕೂತ. ಎದುರಿನ ಸೀಟಿನ ಹೆಂಗಸು ಅದೇನು ಪುಡಿಯೋ ಎಂದು ಮಕ್ಕಳನ್ನು ಹತ್ತಿರ ಎಳೆದುಕೊಂಡಳು. ಚಂದವ್ವ ಅವಳನ್ನು ಗುರುಗುಟ್ಟಿ ನೋಡಿದಳು. ಮುಂಬೈಯಲ್ಲಿ ಅವನ ತೋಳಿಗೊಂದು ಸೂಜಿ ಚುಚ್ಚಿ, ಬೇರೆ ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿ, ಆಮೇಲೆ ದೊಡ್ಡ ಬಳೆಯಂಥ ಯಂತ್ರದೊಳಗೆ ತೂರಿಸಿ ತೆಗೆದರು. ಚಿತ್ರ ಕೈಗೆ ಕೊಟ್ಟು, ನಿಮ್ಮ ಡಾಕ್ಟರಿಗೆ ತೋರಿಸಿ ಎಂದರು, ಅಷ್ಟೇ. ಅಷ್ಟು ದೂರ ಹೋದವರಿಗೆ ಎರಡು ಮಾತು ಹೆಚ್ಚು ಆಡಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ.

ಆ ಚಿತ್ರವನ್ನು ಅಂಬಿಕಾ ಬೆಳಕಿಗೆ ಹಿಡಿದು ತೋರಿಸಿದಳು. ಯಕೃತ್ತು, ಮೂತ್ರಪಿಂಡ ಎಂದು ಬೆರಳಿಟ್ಟು ಹೇಳಿ, ಕೊನೆಗೆ ಮೇದೋಜೀರಕದ ಬಾಲದ ತುದಿಯಲ್ಲಿ ಒಂದು ಚುಕ್ಕೆಯ ಬಳಿ ನಿಲ್ಲಿಸಿದಳು. ಕಡಲೆಕಾಳಿನಷ್ಟು ಕೂಡ ಇರಲಿಲ್ಲ. ಇಷ್ಟು ಹುಡುಕಿದರೂ ಕಾಣದ್ದು ಈಗ ಹೇಗೆ ಕಂಡಿತು ಎಂದು ಚಂದವ್ವ ಸಂಶಯದಿಂದ ಕೇಳಿದಳು. ಬಿಡದೆ ಕೇಳಿದ್ದಕ್ಕೆ ಅಂಬಿಕಾ ಕುರ್ಚಿ ಎಳೆದುಕೊಂಡು ಕೂತಳು.

ಇನ್ಸುಲಿನ್‌ನಂಥ ಹಾರ್ಮೋನ್ ಸುರಿಯುವ ಕೋಶಗಳಿಗೂ ಹೊರಗಿನಿಂದ ಬೇರೆ ಹಾರ್ಮೋನುಗಳು ಬರುತ್ತವೆ. ಸಾಕು, ಸುರಿಯುವುದನ್ನು ನಿಲ್ಲಿಸು ಎಂದು ಹೇಳಲಿಕ್ಕೆ ಮೈಯೇ ಒಂದನ್ನು ಕಳಿಸುತ್ತದೆ. ಅದು ಬಂದು ಕೂರಲಿಕ್ಕೆ ಕೋಶದ ಹೊರಮೈಯಲ್ಲಿ ಅದಕ್ಕೆಂದೇ ಜಾಗಗಳಿವೆ. ಬಂದು ಕೂತಿತೆಂದರೆ ಕೋಶ ಅದನ್ನು ಆ ಜಾಗದ ಸಮೇತ ಒಂದು ಸಣ್ಣ ಚೀಲ ಮಾಡಿ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಎರಡನ್ನೂ ಬೇರೆ ಮಾಡಿ, ಕೂರುವ ಜಾಗವನ್ನು ಮತ್ತೆ ಮೇಲಕ್ಕೆ ಕಳಿಸಿ, ಬಂದದ್ದನ್ನು ನುಚ್ಚುನೂರು ಮಾಡಿ ಹಾಕುತ್ತದೆ. ಮುಂಬೈಯವರು ಆ ಹಾರ್ಮೋನಿನ ನಕಲು ಮಾಡಿ, ಅದಕ್ಕೆ ವಿಕಿರಣ ಬೀರುವ ಒಂದು ಕಣ ಕಟ್ಟಿ ರಕ್ತಕ್ಕೆ ಬಿಟ್ಟಿದ್ದರು. ಇಂಥ ಗಂಟಿನ ಕೋಶಗಳ ಮೇಲೆ ಆ ಜಾಗಗಳು ಬಹಳ, ಹಾಗಾಗಿ ಅಕ್ಕಪಕ್ಕದವಕ್ಕಿಂತ ಹೆಚ್ಚು ಎಳೆದುಕೊಂಡವು. ನಕಲನ್ನು ಒಡೆದು ಹಾಕಿದರೂ ಆ ಕಣವನ್ನು ಹೊರಗೆ ತಳ್ಳಲು ಅವಕ್ಕೆ ಬರುವುದಿಲ್ಲ. ಅದು ಒಳಗೇ ಉಳಿಯಿತು, ಯಂತ್ರಕ್ಕೆ ಕಂಡಿತು.

ಚಂದವ್ವ ಆ ಚುಕ್ಕೆಯ ಮೇಲೆ ಬೆರಳಿಟ್ಟಳು.

“ಸಾಕು ಅಂತ ಹೇಳಿ ಕಳಿಸಿದ್ದನ್ನೂ ನುಂಗಿ, ತಮ್ಮ ಕೆಲಸ ತಾವು ಮಾಡಾಕತ್ತಾವಂದಂಗಾತು,” ಎಂದಳು. “ನಮ್ಮ ಚಾಳಿನ ಗಂಡಸರಂಗ.”

ಅಂಬಿಕಾ ನಕ್ಕಳು. ಹೆಚ್ಚುಕಡಿಮೆ ಹಾಗೆಯೇ, ಆರೋಗ್ಯವಂತ ಕೋಶಗಳಾದರೆ ಆ ಮಾತು ಕೇಳುತ್ತವೆ, ಇವು ಕೇಳುವಷ್ಟು ಕೇಳುತ್ತಿಲ್ಲ ಎಂದಳು.

ಎರಡು ಸಾವಿರದ ಹತ್ತರ ಬೇಸಿಗೆಯಲ್ಲಿ ಹೊಟ್ಟೆ ಕೊಯ್ದು ಗಂಟು ತೆಗೆದರು. ಗಾಜಿನ ಸೀಸೆಯಲ್ಲಿ ಅದನ್ನು ತೋರಿಸಿದಾಗ ಚಂದವ್ವನಿಗೆ ನಗು ಬಂತು. ಮೂಗುತಿಯ ಹರಳಿಗಿಂತ ತುಸು ದೊಡ್ಡದು, ಕಂದು ಬಣ್ಣ. ಇಷ್ಟರಿಂದಲೇ ನಾವು ಮಾನ ಕಳೆದುಕೊಂಡೆವೇ ಎನ್ನಿಸಿತು. ಆಮೇಲೆ ಒಂದು ಬೆಳಿಗ್ಗೆಯೂ ಕಂಠೆಪ್ಪ ತೂರಾಡಲಿಲ್ಲ. ಮೈ ಇಳಿಯಿತು, ಬೆಲ್ಲ ಕಂಡರೆ ಮುಖ ತಿರುಗಿಸತೊಡಗಿದ.

ಚಿಂಬಲ್ ಮಾತ್ರ ಹಾಗೆಯೇ ಇತ್ತು. ನೌಕರಿ ಮತ್ತೆ ಸಿಗುತ್ತದೇನೋ ಎಂದು ಚಂದವ್ವ ದವಾಖಾನೆಯ ಕಾಗದ ಹಿಡಿದು ಅಪ್ಪಾಸಾಬನ ಮನೆಗೆ ಹೋದಳು. ಅಪ್ಪಾಸಾಬ ಕಾಗದ ಮುಟ್ಟಲಿಲ್ಲ.

“ಲಿವರ್ ಕೊಯ್ಸಿಕೊಂಡ ಬಂದಾನಂತಲ್ಲ,” ಎಂದ. “ಇನ್ನರ ಬಿಟ್ಟಾನೋ ಇಲ್ಲೋ?”

ಅವನು ಎಂದೂ ಕುಡಿದವನಲ್ಲ, ಲಿವರಲ್ಲ, ಹೊಟ್ಟೆಯೊಳಗೆ ಗಂಟಿತ್ತು, ಅದು ಇನ್ಸುಲಿನ್ ಸುರಿಯುತ್ತಿತ್ತು ಎಂದು ಚಂದವ್ವ ಹೇಳತೊಡಗಿದಳು. ಅಪ್ಪಾಸಾಬ ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೇಳಿಸಿಕೊಂಡ. ಗಂಟು ಸುಮ್ಮನೆ ಆಗುವುದಿಲ್ಲ, ಕುಡಿದರೇ ಆಗುವುದು, ತನ್ನ ಮಾವನಿಗೂ ಆಗಿತ್ತು ಎಂದ. ಈ ಹಲ್ಲುಕಡ್ಡಿಯ ಮುಖದಲ್ಲಿ ಚಂದವ್ವನಿಗೆ ಒಂದು ಗುರುತು ಸಿಕ್ಕಿತು. ಒಂದು ವರ್ಷ ಅವಳು ಕಂಠೆಪ್ಪನನ್ನು ನೋಡಿದ್ದು ಇದೇ ಮುಖದಿಂದ. ಈಗ ಅದರ ಎದುರು ನಿಂತಾಗ ಗೊತ್ತಾಯಿತು, ಇಂಥ ಮುಖಕ್ಕೆ ಉತ್ತರವಿಲ್ಲ. ಕಾಗದ ಮಡಚಿಕೊಂಡು, ನಿನ್ನಂಥವನ ಬಸ್ಸು ಹತ್ತುವುದಕ್ಕಿಂತ ನಡೆದು ಹೋಗುವುದು ಮೇಲು ಎಂದು ಹೇಳಿ ಹೊರಬಿದ್ದಳು. ಅಷ್ಟು ಹೇಳದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ರಾಮಿಬಾಯಿಯ ನಂಬಿಕೆಯೂ ಲಿವರೇ. ಸಾಲೆಯ ಮಕ್ಕಳದ್ದೂ ಅದೇ. ಕೆಟ್ಟದ್ದೆಂದರೆ ಅಶ್ವಿನಿಯದ್ದು. ಅಪ್ಪ ಏನಾದರೂ ಹೇಳಿದರೆ ಆ ಹುಡುಗಿ ತುಟಿ ಕೊಂಕಿಸಿ, ಉತ್ತರ ಕೊಡದೆ ಎದ್ದು ಹೋಗುತ್ತಿದ್ದಳು. ಅಪ್ಪನಿಗೆ ರೋಗ ಇತ್ತು ಎಂದು ಚಂದವ್ವ ಹೇಳಿ ನೋಡಿದಳು, ಗದರಿ ನೋಡಿದಳು, ಒಮ್ಮೆ ಹೊಡೆದೂ ನೋಡಿದಳು. ಕಲಿಸುವಾಗ ಒಂದು ಪೆಟ್ಟೂ ಬೇಕಾಗಿರಲಿಲ್ಲ. ಬಿಡಿಸಲು ಹೋದರೆ ಪೆಟ್ಟಿಗೂ ಬಗ್ಗಲಿಲ್ಲ.

ಕಂಠೆಪ್ಪನಿಗೆ ಪರ್ವರಿಯಲ್ಲಿ ಕಟ್ಟುತ್ತಿದ್ದ ಒಂದು ಕಟ್ಟಡದ ಕಾವಲು ಸಿಕ್ಕಿತು. ಅವನೂ ಏನು ಸಂತನಾಗಿ ಬದಲಾಗಲಿಲ್ಲ. ಸಿಕ್ಕವರಿಗೆಲ್ಲ ಅಂಗಿ ಎತ್ತಿ ಹೊಲಿಗೆ ತೋರಿಸುವುದು, ತನ್ನ ಹೊಟ್ಟೆಯ ಕೋಶಗಳು ಮುಂಬೈಯ ಔಷಧ ನುಂಗಿ ಹೊಳೆದವೆಂದು ವರ್ಣಿಸುವುದು. ಕೇಳಿದವರು ಅವನ ಬೆನ್ನ ಹಿಂದೆ ಬೆರಳನ್ನು ಬಾಟಲಿಯಂತೆ ಬಾಯಿಗೆ ಹಿಡಿದು ನಗುತ್ತಿದ್ದರು. ಅವನಿಗೆ ಅದು ಕಾಣುತ್ತಿರಲಿಲ್ಲ. ಚಂದವ್ವನಿಗೆ ಕಾಣುತ್ತಿತ್ತು. ನಗುವವರ ಮೇಲೆ ಎಷ್ಟು ತಾತ್ಸಾರವೋ, ಅಂಗಿ ಎತ್ತುವವನ ಮೇಲೂ ಅಷ್ಟೇ ಬರುತ್ತಿತ್ತು. ಬರಬಾರದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ನಿಲ್ಲುತ್ತದೆಯೇ?

ಮುಂದಿನ ವರ್ಷ ಒಂದು ಭಾನುವಾರ ಮಧ್ಯಾಹ್ನ ಅವನು ಉಣ್ಣಲು ಕೂತಿದ್ದಾಗ ಅವಳು ಕೇಳಿಯೇಬಿಟ್ಟಳು.

“ಅವತ್ತ ದವಾಖಾನ್ಯಾಗ ನನಗೊಂದ ಮಾತ ಅಂದಿ. ನೆನಪೈತೇನ?”

ಇಲ್ಲ ಎಂದ. ಏನೆಂದು ಅವಳೇ ಹೇಳಿದಳು, ಒಂದಕ್ಷರ ಬಿಡದೆ. ಕಂಠೆಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿನ ಅಂಚಿಗೆ ಇಟ್ಟ.

“ಅಂದಿದ್ರ ಅಂದಿರಬೇಕು,” ಎಂದ.

“ರೋಗ ಮಾತಾಡಿತ್ತೋ, ನೀ ಮಾತಾಡಿದ್ಯೋ?”

“ಬಾಯಿ ನಂದ ಇತ್ತಲ್ಲ.”

ಹೊರಗೆ ಯಾರದೋ ರೇಡಿಯೋ ಕೊಂಕಣಿ ಹಾಡುತ್ತಿತ್ತು. ತಪ್ಪಾಯಿತು ಎಂಬ ಮಾತು ಚಂದವ್ವನ ಹಲ್ಲಿನ ಹಿಂದಿನ ತನಕ ಬಂದು ಅಲ್ಲೇ ನಿಂತಿತು. ಕಂಠೆಪ್ಪ ಅದಕ್ಕಾಗಿ ಕಾದವನಂತೆಯೂ ಕಾಣಲಿಲ್ಲ. ತುತ್ತು ಬಾಯಿಗಿಟ್ಟು ಅಗಿದು ನುಂಗಿ, ಸಾರಿಗೆ ಉಪ್ಪು ಸಾಲದು ಎಂದ. ಮದುವೆಯಾದಾಗಿನಿಂದ ಅವನು ಅವಳ ಅಡುಗೆಯಲ್ಲಿ ಕೊರತೆ ಎತ್ತಿ ಆಡಿದ್ದು ಅದೇ ಮೊದಲು.

ಚಂದವ್ವ ಎದ್ದು ಹೋಗಿ ಉಪ್ಪು ತಂದು ಅವನ ಮುಂದಿಟ್ಟಳು.